ನಾಲ್ಕನೇ ದೀಪ

“ಕಾಕಾ, ಎಂಟು ತಿಂಗಳಾತು, ನನ್ನ ಹೆಂಡತಿ ನನಗ ಒಂದು ಎದುರು ಮಾತು ಆಡಿಲ್ಲ. ಇದಕ್ಕ ನೆಮ್ಮದಿ ಅನ್ನಬಹುದಲ್ಲ?”

ಹೀಗೆ ಕೇಳಿದವನು ಕಳಕಪ್ಪ. ಕೇಳಿಸಿಕೊಂಡವನು ಈರಬಸಪ್ಪ ಕಾಕಾ.

ಹದಿನೆಂಟು ವರ್ಷಗಳ ಹಿಂದೆ ಕಳಕಪ್ಪನಿಗೆ ಲಾರಿ ಕಲಿಸಿದವನು ಕಾಕಾ. ಈಗ ಶಿಷ್ಯನಿಗೆ ಸ್ವಂತ ಲಾರಿಯಿದೆ, ಗುರುವಿಗೆ ಮಂಡಿನೋವಿದೆ. ಊರ ಹೊರಗೆ ಹೆದ್ದಾರಿಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ಗುಜರಿಯಿಂದ ತಂದ ಲಾರಿಯ ಸೀಟು. ಕಾಕಾ ಬೆಳಗಿನಿಂದ ಸಂಜೆಯವರೆಗೆ ಅದರ ಮೇಲೆ ಕೂತಿರುತ್ತಿದ್ದ. ದೂರದ ಲೋಡಿಗೆ ಹೊರಡುವ ಡ್ರೈವರುಗಳು ಅಲ್ಲಿ ನಿಂತು, ಚಹಾ ಕುಡಿದು, ಅವನಿಗೆ ತಮ್ಮ ಇಂಜಿನ್ನಿನ ಸದ್ದು ಕೇಳಿಸಿ ಹೋಗುತ್ತಿದ್ದರು. ಕಾಕಾ ಕೂತಲ್ಲಿಂದಲೇ ರೋಗ ಹೇಳುತ್ತಿದ್ದ.

ರೋಗದ ಜೊತೆಗೆ ಒಂದು ಸುಳ್ಳನ್ನೂ ಹೇಳುತ್ತಿದ್ದ. ಫ್ಯಾನ್ ಬೆಲ್ಟು ಹರಿದಾಗ ಧೋತರದ ಅಂಚು ಹರಿದು ಹೊಸೆದು ಕಟ್ಟಿ ನಲವತ್ತು ಮೈಲಿ ಲಾರಿ ಓಡಿಸಿದೆ ಎನ್ನುತ್ತಿದ್ದ. ಕಣ್ಣು ಕಟ್ಟಿ ಕೂರಿಸಿದರೂ ಬರೀ ವಾಸನೆಯಿಂದ ಇಂಜಿನ್ನಿನ ಹೊಟ್ಟೆಯಲ್ಲಿ ಏನಿದೆ ಎಂದು ಹೇಳಬಲ್ಲೆ ಎನ್ನುತ್ತಿದ್ದ. ಕಾಡಿನ ದಾರಿಯಲ್ಲಿ ತಾನು ಹಾರನ್ ಒತ್ತಿದಾಗ ಆನೆಯೊಂದು ರಸ್ತೆಯಿಂದ ಕೆಳಗಿಳಿದು, ಸೊಂಡಿಲು ಬೀಸಿ ಸೈಡು ಕೊಟ್ಟಿತ್ತಂತೆ. ಇವನ್ನೆಲ್ಲ ಅವನು ಗೋಡೆಗೆ ನೇತುಹಾಕಿದ ಒಂದು ಹಳೆಯ ಸ್ಟೇರಿಂಗಿನ ಮೇಲೆ ಕೈಯಿಟ್ಟು ಆಣೆ ಮಾಡಿ ಹೇಳುತ್ತಿದ್ದ. ಆ ಸ್ಟೇರಿಂಗು ರಸ್ತೆಗಿಂತ ಆಣೆಗೇ ಹೆಚ್ಚು ಸವೆದಿದೆ ಎಂದು ಡ್ರೈವರುಗಳು ನಗುತ್ತಿದ್ದರು.

ಕಳಕಪ್ಪ ಅಂದು ಖುಷಿಯಲ್ಲಿದ್ದ. ಕೇಳದಿದ್ದರೂ ಮುಂದುವರಿಸಿದ.

“ಮೊದಲ ಮೂರು ಹೊತ್ತೂ ಪಿರಿಪಿರಿ. ನಿದ್ದಿಗಣ್ಣಾಗ ಗಾಡಿ ಹೊಡೀಬ್ಯಾಡ್ರಿ. ಎದಿ ಹಿಡಿತೈತಿ ಅಂತೀರಿ, ಡಾಕ್ಟರಿಗೆ ತೋರಸ್ರಿ. ಕುಡದು ಮನಿಗೆ ಬರಬ್ಯಾಡ್ರಿ, ಮಗಳು ನೋಡತಾಳ. ನಾ ಏನು ಮಾಡಿದೆ ಗೊತ್ತೇನು ಕಾಕಾ? ತಂಗಿ ಮಗನ ಜಾವಳದ ಊಟದಾಗ, ಮಂದಿ ಮುಂದನ ಹೇಳಿಬಿಟ್ಟೆ. ನಾ ಕೇಳಿದಾಗ ಬಾಯಿ ತೆಗಿ, ಅಲ್ಲೀತನಕ ಮುಚ್ಚಿಕೊಂಡಿರು ಅಂತ. ಅವತ್ತಿಂದ ಮನಿ ತಣ್ಣಗ ಐತಿ.”

“ಈಗ ಹೆಂಗದಾಳ ಅನಸವ್ವ?”

“ಚೊಲೋ ಅದಾಳ. ಹೋದ ವಾರ ಟ್ರಂಕಿನ್ಯಾಗಿನ ಸೀರಿ ಎಲ್ಲಾ ತೆಗದು, ಒಗದು, ಮಡಚಿ ಇಟ್ಟಾಳ. ತವರುಮನಿಯಿಂದ ತಂದ ಪಾತ್ರಿ ಸೈತ ಬೆಳಗಿ ಬ್ಯಾರೆ ಗಂಟು ಕಟ್ಟ್ಯಾಳ. ಮನಿ ಭಾಳ ಚೊಕ್ಕ ಆಗೇತಿ.”

ಕಾಕಾ ಚಹಾದ ಲೋಟ ಕೆಳಗಿಟ್ಟ.

“ಯಾಕ ಅಂತ ಕೇಳಿದೇನು?”

“ಅದರಾಗ ಕೇಳೂದೇನೈತಿ?”

ಕಾಕಾ ನಗಲಿಲ್ಲ. ಗೋಡೆಗೆ ಕೈ ಚಾಚಿ ಸ್ಟೇರಿಂಗನ್ನು ಮೊಳೆಯಿಂದ ಬಿಡಿಸಿಕೊಂಡ. ಮಡಿಲಲ್ಲಿ ಇಟ್ಟುಕೊಂಡ.

“ನಾ ಈಗ ಹೇಳೂ ಕತಿ ಅಕ್ಷರಕ್ಕ ಅಕ್ಷರ ಖರೆ. ಈ ಸ್ಟೇರಿಂಗಿನ ಆಣಿ.”

“ಎಲ್ಲಾ ಸಲಾನೂ ಹಂಗ ಅಂತೀರಿ, ಕಾಕಾ. ಆನಿ ಕತಿಗೂ ಇದ ಆಣಿ.”

“ಎಲ್ಲಾ ಸಲ ಒಂದ ಕೈ ಇಡತಿದ್ದೆ. ಈ ಸಲ ಎರಡೂ ಕೈ ಇಟ್ಟೀನಿ ನೋಡು.”

ಕಾಕಾನ ಕತೆಗಳೆಲ್ಲ ‘ನಾನು’ ಎಂದು ಶುರುವಾಗುತ್ತಿದ್ದವು. ಇದು ಹಾಗೆ ಶುರುವಾಗಲಿಲ್ಲ.

ಒಬ್ಬ ಲಾರಿಯವನಿದ್ದ. ಅವನದು ಹಳೆಯ ಲಾರಿ. ಸ್ಟೇರಿಂಗಿನ ಹಿಂದೆ, ಗಾಜಿನ ಕೆಳಗೆ, ಮೂರು ಸಣ್ಣ ಕೆಂಪು ದೀಪಗಳಿದ್ದವು. ಒಂದು ಬ್ಯಾಟರಿಗೆ, ಒಂದು ನೀರಿನ ಬಿಸಿಗೆ, ಒಂದು ಇಂಜಿನ್ನಿನ ಎಣ್ಣೆಗೆ. ಎಲ್ಲ ಸರಿಯಿದ್ದಾಗ ಅವು ಉರಿಯುವುದಿಲ್ಲ. ಏನಾದರೂ ಕೆಟ್ಟಾಗ ಉರಿಯುತ್ತವೆ.

ಪಕ್ಕದ ಸೀಟಿನಲ್ಲಿ ಒಬ್ಬ ಮುದುಕನಿದ್ದ. ಅವನದು ಕ್ಲೀನರ್ ಕೆಲಸ. ಒಂದು ಕಣ್ಣಿಗೆ ಹೂ ಬಿದ್ದಿದ್ದರಿಂದ ಅವನಿಗೆ ಲೈಸೆನ್ಸು ಸಿಕ್ಕಿರಲಿಲ್ಲ. ಮೂವತ್ತು ವರ್ಷ ಬೇರೆಯವರು ಸ್ಟೇರಿಂಗು ತಿರುಗಿಸುವುದನ್ನು ಪಕ್ಕದಲ್ಲಿ ಕೂತು ನೋಡಿದ್ದ. ಅದರಲ್ಲಿ ಹನ್ನೊಂದು ವರ್ಷ ಈ ಲಾರಿಯವನ ಜೊತೆ. ಕಣ್ಣಿನಲ್ಲಿ ಕಳೆದುಕೊಂಡದ್ದನ್ನು ಅವನು ಮೂಗಿನಲ್ಲಿ ಪಡೆದಿದ್ದ. ಒಣಮೆಣಸಿನಕಾಯಿಯ ಲೋಡಿನ ಘಾಟಿನಲ್ಲಿ ಎಲ್ಲರೂ ಸೀನುತ್ತಿರುವಾಗ, ಎಲ್ಲೋ ಒಂದು ವಾಯರು ಸುಡುತ್ತಿದೆ ಎಂದು ಅವನು ಹೇಳುತ್ತಿದ್ದ. ಹೋಗಿ ನೋಡಿದರೆ ಸುಡುತ್ತಿರುತ್ತಿತ್ತು.

ಮುದುಕನದು ಒಂದು ರೂಢಿಯಿತ್ತು. ಬೆಳಿಗ್ಗೆ ಲಾರಿಯವ ಚಾವಿ ತಿರುವಿದ ಕೂಡಲೇ, ಇಂಜಿನ್ನು ಶುರುವಾಗುವ ಮೊದಲು, ಮೂರೂ ದೀಪ ಹತ್ತಬೇಕು. ಮುದುಕ ಬೆರಳು ಚಾಚಿ ಎಣಿಸುತ್ತಿದ್ದ. ಒಂದು, ಎರಡು, ಮೂರು. ಇಂಜಿನ್ನು ಶುರುವಾದ ಮೇಲೆ ಮೂರೂ ಆರಬೇಕು. ಮತ್ತೆ ಎಣಿಸುತ್ತಿದ್ದ.

“ಹತ್ತಿ ಆರಿದ ದೀಪ ನಂಬು, ತಮ್ಮಾ,” ಎನ್ನುತ್ತಿದ್ದ. “ಹತ್ತಲಾರದ ದೀಪ ನಂಬಬ್ಯಾಡ. ಅದು ಎಲ್ಲಾ ಸರಿ ಐತಿ ಅಂತ ಹೇಳೂದಿಲ್ಲ. ಅದಕ್ಕ ಬಾಯಿ ಹೋಗೇತಿ, ಅಷ್ಟ.”

ಲಾರಿಯವ ಆಕಳಿಸುತ್ತಿದ್ದ.

ಒಮ್ಮೆ ದೂರದ ದಾರಿಯಲ್ಲಿ ಬ್ಯಾಟರಿಯ ದೀಪ ಹತ್ತಿತು. ಲಾರಿಯವ ಗಾಜಿನ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿದ. ದೀಪ ಆರಿತು. ಮತ್ತೆ ಹತ್ತಿತು. ಮತ್ತೆ ಕುಟ್ಟಿದ.

“ಗಾಜಿಗೆ ಯಾಕ ಬಡೀತಿ? ಗಾಡಿ ನಿಂದರಸು. ಫ್ಯಾನ್ ಬೆಲ್ಟು ನೋಡತೀನಿ, ಬ್ಯಾಟರಿ ತುಂಬೂದೂ ಅದ,” ಎಂದ ಮುದುಕ.

“ವಾಯರು ಸಡ್ಲ ಆಗೇತಿ. ಊರಿಗೆ ಹೋದ ಮ್ಯಾಲ ನೋಡೂಣು.”

ಎಂಟು ಮೈಲಿ ಹೋಗುವುದರೊಳಗೆ ಬೆಲ್ಟು ಹರಿಯಿತು. ನೀರು ಕುದಿದು ಬಾನೆಟ್ಟಿನಿಂದ ಹಬೆ ಎದ್ದಿತು. ಸುತ್ತ ಹೊಲ ಬಿಟ್ಟರೆ ಏನೂ ಇರಲಿಲ್ಲ. ಮುದುಕ ತಾನು ಉಟ್ಟ ಧೋತರ ಬಿಚ್ಚಿದ. ಅಂಚು ಹರಿದ. ಮೂರೆಳೆ ಮಾಡಿ ಹೊಸೆದು, ನೀರಲ್ಲಿ ನೆನೆಸಿ, ಬೆಲ್ಟಿನ ಜಾಗದಲ್ಲಿ ಬಿಗಿದು ಕಟ್ಟಿದ. ಲಾರಿ ನಲವತ್ತು ಮೈಲಿ ಓಡಿತು. ನಡುವೆ ಐದು ಸಲ ಇಳಿದು ಗಂಟು ಬಿಗಿದವನೂ ಅವನೇ. ಚಡ್ಡಿಯ ಮೇಲೆ ಇಳಿದು, ಚಡ್ಡಿಯ ಮೇಲೆ ಹತ್ತಿದ. ಮುಂದಿನ ಊರಿನ ಚಹಾದಂಗಡಿಯಲ್ಲಿ ಲಾರಿಯವ ಎಲ್ಲರಿಗೂ ಹೇಳಿದ, ನಾನು ಧೋತರದ ಅಂಚಿನಿಂದ ಬೆಲ್ಟು ಕಟ್ಟಿ ಬಂದೆ ಎಂದು. ಯಾರ ಧೋತರ ಎಂದು ಹೇಳಲಿಲ್ಲ. ಮುದುಕ ಟವೆಲು ಸುತ್ತಿಕೊಂಡು ಪಕ್ಕದಲ್ಲೇ ಕೂತಿದ್ದ. ಎಲ್ಲರೂ ಭೇಷ್ ಎಂದಾಗ ಅವನೂ ಅಂದ.

ಕಳಕಪ್ಪ ತಲೆ ಎತ್ತಿದ.

“ಕಾಕಾ, ಆ ಬೆಲ್ಟು ಕಟ್ಟಿದವರು ನೀವಲ್ಲೇನು?”

“ನನಗ ಆನಿ ಕತಿ ಸಾಕು. ಮುಂದ ಕೇಳು.”

ಇನ್ನೊಮ್ಮೆ ನೀರಿನ ದೀಪ ಹತ್ತಿತು. ಈ ಸಲ ಕುಟ್ಟಿದರೂ ಆರಲಿಲ್ಲ. ಹೆಂಡತಿಗೆಂದು ಕೊಂಡ ಟಿಕಳಿಯ ಚೀಟಿಯೊಂದು ಲಾರಿಯವನ ಜೇಬಿನಲ್ಲಿತ್ತು. ದೊಡ್ಡದೊಂದು ಟಿಕಳಿ ಕಿತ್ತು ದೀಪದ ಮೇಲೆ ಅಂಟಿಸಿದ. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದ.

ಮುದುಕ ಅದನ್ನು ಉಗುರಿನಿಂದ ಕೆರೆದು ತೆಗೆದ. “ಹಣಿಗೆ ಹಚ್ಚೂದನ್ನ ಕಣ್ಣಿಗೆ ಹಚ್ಚೀಯಲ್ಲೋ,” ಎಂದ. ಇಳಿದು ನೋಡಿದ. ನೀರಿನ ಪೈಪು ಸೀಳಿತ್ತು.

ಹೀಗೆ ಹನ್ನೊಂದು ವರ್ಷ ನಡೆಯಿತು. ಮುದುಕ ಹೇಳುವುದು, ಲಾರಿಯವ ಸಿಡುಕುವುದು, ಹೇಳಿದ್ದು ನಿಜವಾಗುವುದು. ತಪ್ಪು ಹೇಳುವವನನ್ನು ಸಹಿಸಬಹುದು. ಪ್ರತಿ ಸಲವೂ ಸರಿ ಹೇಳುವವನನ್ನು ಸಹಿಸುವುದು ಕಷ್ಟ.

ಒಂದು ದಿನ ನಾಲ್ಕು ದಾರಿ ಕೂಡುವ ಊರಿನ ಚಹಾದಂಗಡಿಯಲ್ಲಿ ಹತ್ತು ಹನ್ನೆರಡು ಜನ ಡ್ರೈವರುಗಳು ಸೇರಿದ್ದರು. ಮುದುಕ ಲಾರಿಯ ಕೆಳಗೆ ಬಗ್ಗಿ ನೋಡಿ ಬಂದು, ಎಲ್ಲರ ನಡುವೆ ನಿಂತು, “ತಮ್ಮಾ, ಇಂಜಿನ್ನಿನ ಬುಡದಾಗ ಎಣ್ಣಿ ಹನೀತೈತಿ. ನಿಂತಾಗ ಎಣ್ಣಿ ದೀಪ ಮಿಣುಕೂದೂ ಅದಕ್ಕ. ಇವತ್ತ ಬಿಚ್ಚಿಸಿಬಿಡು,” ಎಂದ.

ಒಬ್ಬ ಡ್ರೈವರು ಕೇಳಿದ. “ಏನಪಾ, ಕ್ಲೀನರು ನೀನೋ ಅಂವನೋ?”

ಲಾರಿಯವನಿಗೆ ಮುಖ ಬಿಸಿಯಾಯಿತು. ನಗಿಸುವುದರಲ್ಲಿ ಅವನು ಜಾಣ. ಹೇಳಿದ.

“ನನ್ನ ಗಾಡ್ಯಾಗ ನಾಲ್ಕು ದೀಪ ಅದಾವ. ಮೂರು ಗಾಜಿನ ಕೆಳಗ, ಒಂದು ಪಕ್ಕದ ಸೀಟಿನ ಮ್ಯಾಲ. ಆ ಮೂರಕ್ಕ ವಾಯರು ಐತಿ, ಕಿತ್ತರ ಆರತಾವ. ಈ ನಾಲ್ಕನೇದಕ್ಕ ವಾಯರ ಇಲ್ಲ, ಏನು ಮಾಡ್ಲಿ?”

ಅಂಗಡಿಯ ತಗಡು ಹಾರುವಂತೆ ಎಲ್ಲರೂ ನಕ್ಕರು. ಅಂದಿನಿಂದ ಆ ದಾರಿಯಲ್ಲಿ ಮುದುಕನಿಗೆ ಅದೇ ಹೆಸರಾಯಿತು. ಎಲ್ಲಿ ಇಳಿದರೂ, ನಾಲ್ಕನೇ ದೀಪ ಬಂತು ನೋಡ್ರಿ ಎನ್ನುತ್ತಿದ್ದರು.

ಲಾರಿ ಹೊರಟ ಮೇಲೆ ಮುದುಕ ಕೈಗೆ ಹತ್ತಿದ ಎಣ್ಣೆಯನ್ನು ಟವೆಲಿಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ, “ಆದರೂ ಎಣ್ಣಿ ಹನಿಯೂದು ಖರೆ, ತಮ್ಮಾ,” ಎಂದ.

ಲಾರಿಯವ ಅವನ ಕಡೆ ನೋಡದೆ ಹೇಳಿದ. “ನಾ ಕೇಳಿದಾಗ ಬಾಯಿ ತೆಗಿ. ಅಲ್ಲೀತನಕ ಮುಚ್ಚಿಕೊಂಡಿರು.”

ಇಲ್ಲಿ ಕಾಕಾ ಸ್ವಲ್ಪ ತಡೆದ. ಕಳಕಪ್ಪನ ಲೋಟ ಬಾಯಿಯ ಹತ್ತಿರ ನಿಂತಿತ್ತು. ಅವನು ಕುಡಿಯಲಿಲ್ಲ. ಕೆಳಗೂ ಇಡಲಿಲ್ಲ.

“ಮುದುಕ ಏನಂದ?” ಎಂದು ಕೇಳಿದ.

“ಆತು ತಮ್ಮಾ, ಅಂದ.”

ಆಮೇಲೆ ಲಾರಿಯಲ್ಲಿ ಜಗಳವಿರಲಿಲ್ಲ. ಲಾರಿಯವ ಹಾಡು ಹೇಳಿಕೊಂಡು ಓಡಿಸುತ್ತಿದ್ದ. ಮುದುಕ ಸುಧಾರಿಸಿದ ಎಂದು ಕಂಡಕಂಡವರಿಗೆ ಹೇಳಿದ. ಬೆಳಿಗ್ಗೆ ಚಾವಿ ತಿರುವುವಾಗ ಒಂದು, ಎರಡು, ಮೂರು ಎನ್ನುವ ದನಿ ನಿಂತಿತ್ತು. ಮುದುಕ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದ. ಲಾರಿಯವನಿಗೆ ಆ ಎಣಿಕೆ ನೆನಪಾಗಲೂ ಇಲ್ಲ.

ಅವನಿಗೆ ಗೊತ್ತಿಲ್ಲದ್ದು ಒಂದಿತ್ತು. ಪ್ರತಿ ನಿಲ್ದಾಣದಲ್ಲೂ ಅವನು ಊಟಕ್ಕೆ ಹೋದಾಗ ಮುದುಕ ಬಾನೆಟ್ಟು ಎತ್ತುತ್ತಿದ್ದ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡುತ್ತಿದ್ದ. ಎಷ್ಟು ಹನಿದಿದೆಯೋ ಅಷ್ಟನ್ನು ಡಬ್ಬಿಯಿಂದ ಸುರಿಯುತ್ತಿದ್ದ. ಕೈ ಒರೆಸಿಕೊಂಡು ಬಂದು ಕೂರುತ್ತಿದ್ದ. ಇಂಜಿನ್ನು ಓಡುವಾಗ ಎಣ್ಣೆಯ ದೀಪ ಮತ್ತೆ ಮಿಣುಕಲಿಲ್ಲ. ಬಿಚ್ಚಿಸದೆಯೂ ಲಾರಿ ಸರಿಹೋಯಿತು ಎಂದು ಲಾರಿಯವ ತಿಳಿದ.

ಆರು ತಿಂಗಳು ಕಳೆಯಿತು. ಕರಾವಳಿಯಿಂದ ಉಪ್ಪು ತುಂಬಿಕೊಂಡು ಘಟ್ಟ ಹತ್ತುವ ಕೆಲಸ ಬಂತು.

ಉಪ್ಪಿನ ಆಗರದಲ್ಲಿ ಬೆಳಗಿನ ಹೊತ್ತು ಲೋಡು ಮುಗಿಯಿತು. ಲಾರಿಯವ ಮೇಲೆ ಹತ್ತಿ ನೋಡಿದರೆ ಅವನ ಸೀಟಿನ ಮೇಲೆ ಎಣ್ಣೆಯ ಡಬ್ಬಿ ಇತ್ತು. ಎತ್ತಿದ. ಖಾಲಿ. ಮುದುಕ ಪಕ್ಕದಲ್ಲಿ ಕೂತು ಅವನ ಮುಖವನ್ನೇ ನೋಡುತ್ತಿದ್ದ. ಇದು ಯಾಕೆ ಇಲ್ಲಿದೆ ಎಂದು ಲಾರಿಯವ ಕೇಳಬಹುದಿತ್ತು. ಡಬ್ಬಿಯನ್ನು ಸೀಟಿನ ಹಿಂದಕ್ಕೆ ಎಸೆದ.

ಅಷ್ಟರಲ್ಲಿ ಅವನಿಗೆ ಇನ್ನೊಂದು ಚಿಂತೆ ಕಾಣಿಸಿತು. ಗಾಜಿನ ಮೇಲ್ಗಡೆ ದೇವರ ಪಟವಿತ್ತು. ಪಟದ ಮುಂದೆ ಒಂದು ಸಣ್ಣ ಕೆಂಪು ದೀಪ. ಲೋಡು ಇರುವಾಗ ಆ ದೀಪ ಆರಬಾರದು ಎನ್ನುವುದು ಅವನ ನೇಮ. ಅದರ ಬಲ್ಬು ಸುಟ್ಟುಹೋಗಿತ್ತು. ಆಗರದ ನಡುವೆ ಅಂಗಡಿಯಿಲ್ಲ. ದೇವರ ಮುಂದೆ ಕತ್ತಲೆ ಇಟ್ಟುಕೊಂಡು ಘಟ್ಟ ಹತ್ತಲು ಅವನಿಗೆ ಧೈರ್ಯ ಬರಲಿಲ್ಲ.

ಅವನು ಸ್ಟೇರಿಂಗಿನ ಹಿಂದೆ ಕೈ ಹಾಕಿದ. ಎಣ್ಣೆಯ ದೀಪದ ಬಲ್ಬನ್ನು ಕಿತ್ತ. ನೋಡಿದರೆ ಅದೇ ಅಳತೆ. ದೇವರ ದೀಪಕ್ಕೆ ಹಾಕಿದ.

“ಆರು ತಿಂಗಳಿಂದ ದಾರ್ಯಾಗ ಒಂದು ದಿನ ಉರಿಲಾರದ ದಂಡಕ್ಕ ಕುಂತಿತ್ತು,” ಎಂದ. “ದೇವರ ಕೆಲಸಕ್ಕರ ಬರಲಿ.”

ಮುದುಕನ ಬೆರಳು ಮೇಲೆದ್ದಿತು. ಎಣಿಸುವ ಬೆರಳು. ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಲಾರಿಯವ ಕೇಳಲಿಲ್ಲ. ಬೆರಳು ಇಳಿಯಿತು.

ಚಾವಿ ತಿರುವಿದ. ಗಾಜಿನ ಕೆಳಗೆ ಎರಡು ದೀಪ ಹತ್ತಿ ಆರಿದವು. ಮೂರನೆಯ ಜಾಗದಲ್ಲಿ ತೂತಿತ್ತು. ಮೇಲೆ ದೇವರ ದೀಪ ಕೆಂಪಗೆ ಉರಿಯಿತು. ಲಾರಿಯವ ಕೈ ಮುಗಿದು ಹೊರಟ.

ಘಟ್ಟದ ಬುಡದ ಊರಿನಲ್ಲಿ ಎಣ್ಣೆಯ ಅಂಗಡಿಯಿತ್ತು. ಮುದುಕ ಆ ಅಂಗಡಿಯನ್ನು ನೋಡಿದ. ಲಾರಿ ಅದನ್ನು ದಾಟಿತು. ಮುದುಕ ಕತ್ತು ತಿರುಗಿಸಿ, ಅದು ಮರೆಯಾಗುವ ತನಕ ನೋಡಿದ.

ಏರು ಶುರುವಾಯಿತು. ಅದರಲ್ಲಿ ಏಳು ತಿರುವುಗಳು.

ಮೊದಲನೆಯ ತಿರುವಿನಲ್ಲಿ ಮುದುಕ ಬಗ್ಗಿ ಕಾಲ ಬಳಿಯ ಗಾಳಿಯನ್ನು ಮೂಸಿದ. ಎರಡನೆಯ ತಿರುವಿನಲ್ಲಿ ಮತ್ತೆ ಮೂಸಿದ. ಮೂರನೆಯ ತಿರುವಿನಲ್ಲಿ ಸೀಟಿನ ಕೆಳಗಿನಿಂದ ಮರದ ತುಂಡನ್ನು ಎಳೆದುಕೊಂಡ.

“ಆ ತುಂಡು ನಿನಗ ಗೊತ್ತೈತಲ್ಲ?” ಎಂದ ಕಾಕಾ.

ಕಳಕಪ್ಪನಿಗೆ ಗೊತ್ತಿತ್ತು. ಲಾರಿ ಏರಿನಲ್ಲಿ ನಿಂತಾಗ ಕ್ಲೀನರು ಜಿಗಿದು ಹಿಂದಿನ ಚಕ್ರಕ್ಕೆ ಅಡ್ಡ ಕೊಡುವ ತುಂಡು ಅದು. ಓಡುವ ಲಾರಿಯಲ್ಲಿ ಅದನ್ನು ಯಾರೂ ಕೈಗೆ ತೆಗೆದುಕೊಳ್ಳುವುದಿಲ್ಲ.

ಮುದುಕ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ಎರಡೂ ಕೈ ಅದರ ಮೇಲೆ.

ಲಾರಿಯವ ನೋಡಿದ. ಯಾಕೆ ಎಂದು ಕೇಳಬೇಕೆನಿಸಿತು. ಕೇಳಿದರೆ ತಾನು ಸೋತಂತೆ ಎಂದುಕೊಂಡ. ಕೇಳಿದರೆ ಆ ಬಾಯಿ ಮತ್ತೆ ತೆರೆಯುತ್ತದೆ, ಆರು ತಿಂಗಳ ನೆಮ್ಮದಿ ಹೋಗುತ್ತದೆ ಎಂದುಕೊಂಡ. ನಾಲ್ಕನೆಯ ತಿರುವು ದಾಟಿದ ಮೇಲೆ ಕೇಳೋಣ ಎಂದುಕೊಂಡ. ನಾಲ್ಕು ದಾಟಿತು. ಐದು ದಾಟಿತು. ಪ್ರತಿ ತಿರುವಿನಲ್ಲೂ ಅವನು ಮೇಲೆ ನೋಡಿದ. ದೇವರ ದೀಪ ಕೆಂಪಗೆ ಉರಿಯುತ್ತಿತ್ತು. ಎಲ್ಲ ಸರಿಯಿದೆ ಎಂದುಕೊಂಡ. ಯಾವ ಬಲ್ಬು ಅವನನ್ನು ನಿಲ್ಲಿಸಬೇಕಾಗಿತ್ತೋ ಅದೇ ಬಲ್ಬನ್ನು ನೋಡುತ್ತ ಅವನು ಮುಂದೆ ಹೋದ.

ಆರನೆಯ ತಿರುವಿನಲ್ಲಿ ಇಂಜಿನ್ನಿನ ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತಾಯಿತು. ಮೂರು ಸಲ. ಆಮೇಲೆ ಸದ್ದೇ ಇಲ್ಲ. ಎಣ್ಣೆಯಿಲ್ಲದೆ ಕಾದ ಕಬ್ಬಿಣ ಕಬ್ಬಿಣಕ್ಕೆ ಅಂಟಿಕೊಂಡಿತ್ತು.

ಲಾರಿ ನಿಂತಿತು. ಹಿಂದಕ್ಕೆ ಎಳೆಯಿತು. ಲಾರಿಯವ ಬ್ರೇಕು ತುಳಿದ. ಬ್ರೇಕು ಹಿಡಿಯುವುದು ಗಾಳಿಯಿಂದ. ಗಾಳಿ ತುಂಬುವುದು ಇಂಜಿನ್ನು. ಇಂಜಿನ್ನು ಸತ್ತಿತ್ತು. ಹಳೆಯ ಟ್ಯಾಂಕಿಯಿಂದ ಗಾಳಿ ಸೋರುತ್ತಿತ್ತು. ಹ್ಯಾಂಡ್ ಬ್ರೇಕು ಎಳೆದ. ಅದು ಎಂದೋ ಸವೆದಿತ್ತು. ಅದನ್ನೂ ಮುದುಕ ಎಂದೋ ಹೇಳಿದ್ದ. ಹಿಂದೆ ತಿರುವು, ತಿರುವಿನಾಚೆ ಕಣಿವೆ. ಲಾರಿಯವ ಪಕ್ಕಕ್ಕೆ ತಿರುಗಿ ಮುದುಕನನ್ನು ಕೂಗಲು ಹೋದ. ಪಕ್ಕದ ಸೀಟು ಖಾಲಿಯಿತ್ತು. ಬಾಗಿಲು ತೆರೆದಿತ್ತು.

ಮುದುಕ ಆಗಲೇ ಚಕ್ರದ ಬಳಿ ಇದ್ದ. ಮರದ ತುಂಡು ಕೊಟ್ಟ. ಹತ್ತು ಟನ್ ಉಪ್ಪು. ತುಂಡು ಜಾರಿತು. ಅದನ್ನು ಎಳೆದು ಮತ್ತೆ ಕೊಟ್ಟ, ಈ ಸಲ ತಾನೂ ಬಗ್ಗಿ ಎದೆಯಿಂದ ಒತ್ತಿ ಹಿಡಿದ. ಲಾರಿ ನಿಂತಿತು. ನಿಲ್ಲುವುದಕ್ಕೆ ಮೊದಲು ಒಂದು ಗೇಣು ಹಿಂದೆ ಬಂದಿತ್ತು. ಆ ಒಂದು ಗೇಣಿನಲ್ಲಿ ಮುದುಕ ಇದ್ದ.

ಶೆಡ್ಡಿನ ಹೊರಗೆ ಒಂದು ಲಾರಿ ಹಾದುಹೋಯಿತು. ಅದರ ಸದ್ದು ದೂರವಾಯಿತು.

“ಜೀವದ ಮಾತು ಅದು, ಕಾಕಾ,” ಎಂದ ಕಳಕಪ್ಪ. “ವಾಸನಿ ಬಂದಿತ್ತು. ಒಂದು ಮಾತು ಹೇಳಬಾರದಿತ್ತೇನು ಆ ಮುದುಕ?”

“ಹೇಳಿದ್ದ. ಹನ್ನೊಂದು ವರ್ಷ ಹೇಳಿದ್ದ.”

ಕಾಕಾ ಕತೆ ಮುಂದುವರಿಸಿದ.

ಲಾರಿಯವ ಇಳಿದು ಓಡಿದ. ಮುದುಕನನ್ನು ಎಳೆದು ತೆಗೆದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಒಂದು ಚೀಲ ಒಡೆದು ಉಪ್ಪು ರಸ್ತೆಗೆ ಸುರಿಯುತ್ತಿತ್ತು. ರಸ್ತೆಯ ಉದ್ದಕ್ಕೂ, ಕೆಳಗಿನ ತಿರುವಿನಿಂದ ಮೇಲಿನವರೆಗೆ, ಎಣ್ಣೆಯ ಕರಿ ಗೆರೆಯೊಂದು ಬಂದಿತ್ತು. ಹಿಂದೆ ತಿರುಗಿ ನೋಡಿದ್ದರೆ ಕುರುಡನಿಗೂ ಕಾಣುತ್ತಿತ್ತು. ಮೇಲೆ, ತೆರೆದ ಬಾಗಿಲಿನಿಂದ, ದೇವರ ಮುಂದಿನ ಕೆಂಪು ದೀಪ ಕಾಣಿಸುತ್ತಿತ್ತು. ಇಂಜಿನ್ನು ಸತ್ತರೂ ಅದು ಉರಿಯುತ್ತಲೇ ಇತ್ತು.

ಮುದುಕ ತನ್ನ ಒಂದು ಕಣ್ಣು ತೆರೆದ. ಲಾರಿಯವ ಆಗ ಕೇಳಿದ. ಆರು ತಿಂಗಳಲ್ಲಿ ಮೊದಲ ಸಲ ಕೇಳಿದ. “ಯಜಮಾನಾ, ಏನಾತು? ಹೇಳು. ನಾ ಕೇಳಾಕತ್ತೀನಿ, ಹೇಳು.”

ಕಾಕಾ ಒಂದು ಕೈಯನ್ನು ಸ್ಟೇರಿಂಗಿನ ಮೇಲಿಂದ ತೆಗೆದು ಮುಖ ಒರೆಸಿಕೊಂಡ. ಆ ಕೈಯನ್ನು ಮತ್ತೆ ಅಲ್ಲಿ ಇಡಲಿಲ್ಲ.

ಮುದುಕ ಅಂದನಂತೆ. “ಮೊದಲನೇ ತಿರುವಿನ್ಯಾಗನ ವಾಸನಿ ಬಂದಿತ್ತು, ತಮ್ಮಾ. ನೀ ಕೇಳಲಿಲ್ಲ, ನಾ ಹೇಳಲಿಲ್ಲ. ತಪ್ಪು ನಿನ್ನ ಒಬ್ಬನದ ಅಲ್ಲ. ಮನಸಿಗೆ ಹಚ್ಚಿಕೋಬ್ಯಾಡ.” ಅಷ್ಟು ಹೇಳಿ ಕಣ್ಣು ಮುಚ್ಚಿದ.

ಲಾರಿಯವ ಆಮೇಲೆ ಲಾರಿ ಓಡಿಸಲಿಲ್ಲ. ಗಾಡಿಯನ್ನು ಗುಜರಿಗೆ ಹಾಕಿದ. ತಾನು ಸ್ಟೇರಿಂಗು ಹಿಡಿಯದೆ, ಪಕ್ಕದಲ್ಲಿ ಕೂತು ಬೇರೆಯವರಿಗೆ ಕಲಿಸುತ್ತ ಬದುಕಿದ. ಮುದುಕ ಮಾಡಿದ್ದನ್ನೆಲ್ಲ ತಾನು ಮಾಡಿದೆ ಎಂದು ಹೇಳಿಕೊಂಡು ತಿರುಗುವುದನ್ನು ಮಾತ್ರ ಬಿಡಲಿಲ್ಲ. ಹಾಗೆ ಹೇಳದಿದ್ದರೆ ಆ ಮುದುಕ ಮಾಡಿದ್ದನ್ನು ಹೇಳುವವರು ಯಾರೂ ಇರಲಿಲ್ಲ.

ಕತೆ ಮುಗಿಯಿತು.

ಕಳಕಪ್ಪನ ಚಹಾ ಆರಿಹೋಗಿತ್ತು. ಅವನು ಕಾಕಾನ ಮಡಿಲಲ್ಲಿದ್ದ ಸ್ಟೇರಿಂಗನ್ನು ನೋಡಿದ. ಅದು ಯಾವ ಲಾರಿಯದೆಂದು ಅವನು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಒಗೆದು ಮಡಚಿಟ್ಟ ಸೀರೆಗಳು ಅವನಿಗೆ ನೆನಪಾದವು. ಬೇರೆ ಕಟ್ಟಿಟ್ಟ ಪಾತ್ರೆಯ ಗಂಟು ನೆನಪಾಯಿತು. ಬೆಳಿಗ್ಗೆ ಹೊರಡುವಾಗ ಅನಸವ್ವ ಹೊಸ್ತಿಲಲ್ಲಿ ನಿಂತು, ಏನನ್ನೋ ಕಾಯುವವಳ ಹಾಗೆ ಅವನ ಮುಖ ನೋಡಿದ್ದು ನೆನಪಾಯಿತು. ಅವನು ಎದ್ದು ನಿಂತ. ಮತ್ತೆ ಕೂತ. ಹಿಡಿದುಕೊಳ್ಳಲು ಏನಾದರೂ ಬೇಕೆನ್ನುವವನಂತೆ ಅವಸರದಿಂದ ಹೇಳಿದ.

“ಆದರೂ ಹೋಗೂ ಮುಂದ ಒಳ್ಳೆ ಮಾತು ಆಡಿ ಹೋದನಲ್ಲ, ಕಾಕಾ. ತಪ್ಪು ನಿನ್ನ ಒಬ್ಬನದ ಅಲ್ಲ ಅಂದನಲ್ಲ. ಅಷ್ಟರ ಸಿಕ್ತಲ್ಲ ಆ ಲಾರಿಯವಗ.”

ಕಾಕಾ ಸ್ಟೇರಿಂಗನ್ನು ಎತ್ತಿ ಮೊಳೆಗೆ ಸಿಕ್ಕಿಸಿದ.

“ಇಡೀ ಕತಿಯೊಳಗ ಅದೊಂದು ಸಣ್ಣ ಮಾತು ನಾ ಕಟ್ಟಿದ್ದು, ತಮ್ಮಾ, ಅಂವ ಏನೂ ಅನಲಿಲ್ಲ.”